ಬೆರಳು ಕಾಣಿಸುವ ಮೊಬೈಲು

ಶಿವರಾತ್ರಿ ಕಳೆದು ಬಿಸಿಲು ಚುರುಕಾಗಿದೆ. ಗಜೇಂದ್ರಗಡದ ಕಡೆಯ ಈ ಎರೆಹೊಲದಲ್ಲಿ ಮೆಣಸಿನಕಾಯಿಯ ಕೊನೆಯ ಕೊಯ್ಲು. ಹೆಂಗಸರು ಸೆರಗನ್ನು ಮೂಗಿಗೆ ಅಡ್ಡ ಕಟ್ಟಿಕೊಂಡು ಸಾಲು ಹಿಡಿದು ಬಿಡಿಸುತ್ತಿದ್ದಾರೆ. ಬದುವಿನ ಮೇಲೆ ಬೋರಲು ಹಾಕಿದ ಒಂದು ಬುಟ್ಟಿ. ಅದರ ಮೇಲೆ ನೀರಿನ ತಂಬಿಗೆ, ತಂಬಿಗೆಗೆ ಒರಗಿ ನಾನು.

ನಾನೊಂದು ಮೊಬೈಲು. ಮೂಲೆ ಒಡೆದಿದೆ. ಬ್ಯಾಟರಿ ಉಬ್ಬಿ ಬೆನ್ನು ಬಿಟ್ಟುಕೊಂಡಿರುವುದರಿಂದ ನಡುವಿಗೆ ರಬ್ಬರ್ ಬ್ಯಾಂಡು ಬಿಗಿದಿದ್ದಾರೆ. ಇವತ್ತು ಈ ಹೊಲದಲ್ಲಿ ಒಂದು ಮುಯ್ಯಿ ತೀರಬೇಕಂತೆ. ನನ್ನ ಸಲುವಾಗಿ ಹುಟ್ಟಿದ ಮುಯ್ಯಿ ಅದು.

ಹುಟ್ಟಿದಾಗ ನಾನು ಹೀಗಿರಲಿಲ್ಲ. ಬಿಸಿಲು ಬಾರದ ದೊಡ್ಡ ಕೋಣೆಯಲ್ಲಿ, ತಲೆಗೆ ಬಿಳಿ ಟೊಪ್ಪಿಗೆ ಹಾಕಿಕೊಂಡ ಹುಡುಗಿಯರ ಕೈಯಿಂದ ಕೈಗೆ ದಾಟುತ್ತ ಮೈ ತುಂಬಿಕೊಂಡೆ. ಕೊನೆಯ ಹುಡುಗಿ ನನ್ನ ಗಾಜನ್ನು ಒರೆಸಿ, ಅದರಲ್ಲಿ ತನ್ನ ಹಣೆಯ ಬೊಟ್ಟು ಸರಿಮಾಡಿಕೊಂಡಳು. ನಾನು ಕಂಡ ಮೊದಲ ಮುಖ ಅದು. ಮರುಗಳಿಗೆ ಡಬ್ಬಿಯೊಳಗೆ ಕತ್ತಲು.

ನನ್ನ ಮೊದಲ ಯಜಮಾನರು ಗದಗಿನ ಒಬ್ಬ ವಿಮಾ ಏಜೆಂಟರು. ಮೊದಲು ನನ್ನನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸುತ್ತಿದ್ದರು. ವರ್ಷ ತುಂಬುವ ಮೊದಲೇ ಅವರ ಕಣ್ಣು ಬೇರೆ ಕಡೆ ಹೊರಳಿತು. ದೂರದ ಊರಿನ ವೇದಿಕೆಯ ಮೇಲೆ ಕರಿ ಅಂಗಿಯವನೊಬ್ಬ ನಿಂತು, ಹೋದ ವರ್ಷದ್ದೆಲ್ಲ ಹಳತಾಯಿತು ಎಂದು ಹೇಳಿದರೆ ಸಾಕು, ಜನ ಚಪ್ಪಾಳೆ ತಟ್ಟುತ್ತಾರೆ. ಯಜಮಾನರು ಊಟದ ಹೊತ್ತಿನಲ್ಲಿಯೂ ಅದನ್ನೇ ನೋಡುತ್ತಿದ್ದರು, ಅದೂ ನನ್ನಲ್ಲಿಯೇ. ನನ್ನ ಎದೆಯ ಮೇಲೆ ಬೆರಳಾಡಿಸುತ್ತ ನನ್ನ ಬದಲಿಗೆ ಬರುವವನನ್ನು ಆರಿಸಿದರು. ನನಗೆ ಯಾವ ಕಾಯಿಲೆಯೂ ಇರಲಿಲ್ಲ. ಇದ್ದ ತಪ್ಪೆಂದರೆ ಹೋದ ವರ್ಷ ಹುಟ್ಟಿದ್ದು.

ಹಳೆಯ ಮೊಬೈಲಿನ ಅಂಗಡಿಯಿಂದ ನನ್ನನ್ನು ಕೊಂಡವನು ಕಳಕಪ್ಪ. ಮೆಣಸಿನಕಾಯಿ ಬೆಳೆಯುವವನು, ಮಾತಿನವನು. ಮೊಬೈಲಿನ ಸುದ್ದಿಯೆಂದರೆ ಅವನಿಗೂ ಪ್ರಾಣ. ಆದರೆ ಅವನು ಚಪ್ಪಾಳೆ ತಟ್ಟುವವನಲ್ಲ, ಎದುರು ಮಾತಾಡುವವನು. ನನ್ನನ್ನು ಬುಟ್ಟಿಗೆ ಒರಗಿಸಿ, ಕಾಯಿ ಬಿಡಿಸುತ್ತಲೇ ಮಾತಾಡಿ ಯೂಟ್ಯೂಬಿಗೆ ಹಾಕುತ್ತಿದ್ದ. ಚಾನೆಲ್ಲಿನ ಹೆಸರು ‘ಹೊಲದಾಗ ಮೊಬೈಲು’.

“ಡಬ್ಬಿ ಬಿಚ್ಚೂದನ್ನ ಅರ್ಧಾ ತಾಸು ತೋರಸ್ತಾರ್ರೀ,” ಎನ್ನುತ್ತಿದ್ದ. “ಬೀಗರು ತಂದ ಸೀರಿ ಬಿಚ್ಚಿ ನೋಡಿದಂಗ. ಉಟ್ಟು ಒಗದ ಮ್ಯಾಲೆ ಬಣ್ಣ ಬಿಡತೈತೇನು, ಅದನ್ನ ಹೇಳವರು ಯಾರು?”

ಒಗೆದು ನೋಡುವ ಕೆಲಸ ಅವನದು. ಯಾರಾದರೂ ಹೊಸ ಫೋನು ಕೊಂಡರೆ ಒಂದು ದಿನದ ಮಟ್ಟಿಗೆ ಇಸಿದುಕೊಳ್ಳುತ್ತಿದ್ದ. ಬದಲಿಗೆ ಅವರ ಹೊಲದಲ್ಲಿ ಒಂದು ದಿನ ದುಡಿಯುತ್ತಿದ್ದ. ಈ ಸೀಮೆಯಲ್ಲಿ ಅದಕ್ಕೆ ಮುಯ್ಯಿ ಎನ್ನುತ್ತಾರೆ. ಕೂಲಿಯಿಲ್ಲ; ಇವತ್ತು ನೀನು ನನಗೆ, ನಾಳೆ ನಾನು ನಿನಗೆ. ಮಟಮಟ ಮಧ್ಯಾಹ್ನ ಗಾಜಿನ ಮೇಲಿನ ಅಕ್ಷರ ಕಾಣುತ್ತದೆಯೇ, ಖಾರ ಮೆತ್ತಿದ ಬೆರಳಿಗೆ ಓಗೊಡುತ್ತದೆಯೇ, ರಾಶಿ ಮಾಡುವ ಮಷೀನಿನ ಪಕ್ಕದಲ್ಲಿ ಮಾತು ಕೇಳುತ್ತದೆಯೇ ಎಂದು ನೋಡುತ್ತಿದ್ದ. ಈ ಕೊನೆಯದೇ ಅವನಿಗೆ ಮುಖ್ಯ. ಊರಿನವರಿಗೂ ಅಷ್ಟೇ. ಜೋರಾಗಿ ಕೂಗುವ ಫೋನೇ ಒಳ್ಳೆಯ ಫೋನು.

ವಿಡಿಯೋದ ಕೆಳಗೆ ಜನ ಬರೆಯುತ್ತಿದ್ದುದನ್ನೂ ನಾನೇ ಹೊತ್ತಿದ್ದೇನೆ. ಕೆಲವರು ಸುಮ್ಮನೆ ‘ಮೊದಲು ನಾನು’ ಎಂದು ಬರೆದು ಹೋಗುತ್ತಾರೆ. ಅಂಗಳದಲ್ಲಿ ಕಾಲಿಟ್ಟು, ಮನೆಯವರನ್ನು ಮಾತಾಡಿಸದೆ ಹೊರಟುಹೋದ ಹಾಗೆ. ಕೆಲವರು ಬೈಯುತ್ತಾರೆ. ಅವರ ಹೆಸರಿದ್ದೀತು, ಮುಖವಿರುವುದಿಲ್ಲ. ನನಗೆ ಇದು ಕೊನೆಗೂ ರೂಢಿಯಾಗಲಿಲ್ಲ.

ಭಾನುವಾರ ಮಾತ್ರ ನನ್ನ ಕೆಲಸ ಬೇರೆ. ಅವತ್ತು ಪಕ್ಕದ ಹೊಲದ ಈರವ್ವ ಕಳಕಪ್ಪನ ಮನೆಗೆ ಬರುತ್ತಿದ್ದಳು; ಅವಳಲ್ಲಿ ಇದ್ದದ್ದು ಮುಖ ಕಾಣಿಸದ ಗುಂಡಿ ಫೋನು. ಅವಳ ಒಬ್ಬಳೇ ಮಗಳು ಕಸ್ತೂರಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಧಾರವಾಡದ ಕಡೆ ಅಂಥ ಮಕ್ಕಳ ಶಾಲೆಯ ಹಾಸ್ಟೆಲಿನಲ್ಲಿದ್ದಳು. ಭಾನುವಾರ ವಾರ್ಡನ್ ಬಾಯಿಯವರ ಫೋನು ಹುಡುಗಿಯರ ಕೈಗೆ ಸರದಿಯ ಮೇಲೆ ಬರುತ್ತಿತ್ತು. ತಾಯಿ ಮಗಳು ನನ್ನೊಳಗಿಂದ ಕೈಯಲ್ಲಿ ಮಾತಾಡುತ್ತಿದ್ದರು. ಅದು ಅವರ ಮನೆಯಲ್ಲೇ ಹುಟ್ಟಿದ ಭಾಷೆ. ನಾಲಿಗೆಯ ತುದಿಗೆ ಬೆರಳು ಮುಟ್ಟಿಸಿ ಕೊಡವಿದರೆ ಮೆಣಸಿನಕಾಯಿ. ಎರಡೂ ಅಂಗೈ ಉಜ್ಜಿ ಕೊಡವಿದರೆ ಮುಗಿಯಿತು, ತೀರಿತು. ನನ್ನ ಕ್ಯಾಮರಾ ಮೊಂಡು. ಕಂಡದ್ದನ್ನು ಕಂಡ ಹಾಗೆ ತೋರಿಸುವುದಷ್ಟೇ ಗೊತ್ತು.

ಒಂದು ದಿನ ಕಳಕಪ್ಪನ ಹೆಸರಿಗೆ ಪಾರ್ಸೆಲ್ಲು ಬಂತು. ಯಾವುದೋ ಕಂಪನಿಯವರು ಅವನ ಚಾನೆಲ್ಲು ನೋಡಿ ಹೊಸ ಫೋನು ಕಳಿಸಿದ್ದರು. ನಾಲ್ಕು ಒಳ್ಳೆಯ ಮಾತಾಡಿದರೆ ಅದು ಅವನದೇ. ಅದರ ಮೈ ಅವರೆಕಾಳಿನ ಹಾಗೆ ನುಣುಪು. ಗಂಟಲು ಎಷ್ಟು ದೊಡ್ಡದೆಂದರೆ ಮಷೀನಿನ ಪಕ್ಕದಲ್ಲಿಟ್ಟರೂ ಸ್ಪಷ್ಟವಾಗಿ ಕೇಳಿತು. ಕಳಕಪ್ಪ ಗೆದ್ದವನ ಹಾಗೆ ನಕ್ಕ.

“ಈರವ್ವಕ್ಕಾ, ಈ ಸಲ ಇದರಾಗ ಮಾತಾಡು. ಕಸ್ತೂರಿ ಕಣ್ಣ ಮುಂದ ಕುಂತಂಗ ಕಾಣಸ್ತಾಳ.”

ಅದನ್ನೂ ವಿಡಿಯೋಕ್ಕೆ ಹಾಕೋಣವೆಂದು, ಅವಳನ್ನು ಕೇಳಿಯೇ, ನನ್ನನ್ನು ಅವಳ ಬೆನ್ನ ಹಿಂದೆ ನಿಲ್ಲಿಸಿದ. ಈರವ್ವ ಕೈಯಾಡಿಸಿದಳು. ಕಸ್ತೂರಿ ಕಣ್ಣು ಕಿರಿದು ಮಾಡಿ ನೋಡಿದಳು, ತಲೆಯಾಡಿಸಿದಳು. ತಾಯಿ ಮತ್ತೆ ಹೇಳಿದಳು, ಇನ್ನೂ ಬೇಗ ಬೇಗ. ಮಗಳು ಮುಖ ಆಚೆ ತಿರುಗಿಸಿ ಫೋನನ್ನು ಬೇರೆ ಹುಡುಗಿಗೆ ಕೊಟ್ಟುಬಿಟ್ಟಳು.

ಈರವ್ವ ಫೋನನ್ನು ಕಳಕಪ್ಪನ ಕೈಗೆ ವಾಪಸು ಕೊಟ್ಟಳು.

“ಹ್ವಾದ ವಾರ ಸಾಲಿ ಕಾರ್ಯಕ್ರಮಕ್ಕ ಬಾ ಅಂದಿದ್ಲು, ಕಾಯಿ ಬಿಡಿಸೂದೈತಿ ಅಂತ ಹೋಗಲಿಲ್ಲ,” ಎಂದಳು. “ಸಿಟ್ಟಾಗ್ಯಾಳ. ಅಲ್ಲೆ ಸಾಲಿ ಕೈಮಾತು ಕಲ್ತಾಳಲ್ಲ, ಅವ್ವನ ಹಳ್ಳಿ ಕೈಮಾತು ಈಗ ಬ್ಯಾಡಾಗೈತಿ.”

ಮರುದಿನ ಕಾಯಿ ಬಿಡಿಸುವಾಗ ಅವಳು ಎಂದಿನ ಹಾಗೆ ಹಾಡಲಿಲ್ಲ. ನಡುಹಗಲು ರೊಟ್ಟಿಯ ಗಂಟು ಬಿಚ್ಚಿ, ಮುಟ್ಟದೆ ಕಟ್ಟಿದಳು. ಮಾತು ಬಾರದ ಮಗಳ ಜೊತೆ ಇದ್ದ ಒಂದೇ ಮಾತೂ ಹೋಯಿತೆಂದು ಅವಳಿಗೆ ಖಾತ್ರಿಯಾಗಿತ್ತು.

ಕಳಕಪ್ಪ ಬದುವಿನ ಮೇಲೆ ಕುಳಿತು, ಬೇಡದ್ದನ್ನು ಕತ್ತರಿಸಲೆಂದು ನಾನು ಹಿಡಿದ ವಿಡಿಯೋ ನೋಡುತ್ತಿದ್ದ. ತಟ್ಟನೆ ನಿಲ್ಲಿಸಿದ. ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸಿದ. ಹೊಸ ಫೋನಿನ ಪರದೆಯ ಮೂಲೆಯಲ್ಲಿ, ಕಸ್ತೂರಿಗೆ ಕಂಡಂಥದೇ, ಈರವ್ವನದೊಂದು ಚಿಕ್ಕ ಚಿತ್ರವಿತ್ತು. ಮುಖ ಹದಿನೆಂಟರ ಹುಡುಗಿಯ ಹಾಗೆ ನುಣ್ಣಗೆ. ಕೈಗಳಿಗೆ ಬೆರಳೇ ಇರಲಿಲ್ಲ. ಅವಳು ಕೈಯೆತ್ತಿದಾಗಲೆಲ್ಲ ಆ ಫೋನು ಅದನ್ನು ಹಿಂದಿನ ಗೋಡೆಯೆಂದೇ ತಿಳಿದು, ಒರೆಸಿ, ಮಂಜು ಮಾಡಿ ಅಂದಗೊಳಿಸಿತ್ತು.

“ಏ ಮಾಬೂಸಾಬ, ಬಾ ಇಲ್ಲೆ,” ಎಂದು ಗೆಳೆಯನನ್ನು ಕೂಗಿದ. ಇಬ್ಬರೂ ಹೊಸ ಫೋನಿನ ಸೆಟ್ಟಿಂಗನ್ನೆಲ್ಲ ಜಾಲಾಡಿದರು. ಹಿಂದಿನದನ್ನು ಮಂಜು ಮಾಡುವುದು ನಿಂತಿತು. ನುಣ್ಣಗೆ ಮಾಡುವ ಚಟ ಮಾತ್ರ ಯಾವ ಗುಂಡಿ ಒತ್ತಿದರೂ ಪೂರಾ ಹೋಗಲಿಲ್ಲ. ಬೇಗ ಆಡಿದ ಬೆರಳುಗಳು ಒಂದಕ್ಕೊಂದು ಅಂಟಿಕೊಂಡವು.

“ದನಿ ನೋಡಿದ್ಯೋ, ಕೈ ನೋಡಲಿಲ್ಲ,” ಎಂದ ಮಾಬೂಸಾಬ.

“ಎಲ್ಲಾರೂ ಬಾಯೀಲೆನ ಮಾತಾಡ್ತಾರ ಅಂತ ತಿಳದಿದ್ದೆ.”

ಮುಂದಿನ ಭಾನುವಾರ ಈರವ್ವ ಬರಲಿಲ್ಲ. ಕಳಕಪ್ಪ ನನ್ನನ್ನು ಎತ್ತಿಕೊಂಡು ಅವಳ ಮನೆಗೇ ಹೋದ. ಬಾಗಿಲಲ್ಲಿ ನಿಂತು, ಅವಳು ಬೇಡವೆಂದರೂ ಕೇಳದೆ, ಕರೆ ಹಚ್ಚಿ ಅವಳ ಮುಂದೆ ಹಿಡಿದ. ಕಸ್ತೂರಿಯ ಮುಖ ಬಂತು. ತಾಯಿಯ ಕೈ ಮಡಿಲಿನಿಂದ ಮೇಲೇಳಲು ಹೆದರುತ್ತಿತ್ತು. ಮಗಳೇ ಮೊದಲು ಹೇಳಿದಳು. ತನ್ನ ಹತ್ತೂ ಬೆರಳು ತೋರಿಸಿ, ಮುಷ್ಟಿಯಲ್ಲಿ ಅಡಗಿಸಿ, ಹುಬ್ಬೇರಿಸಿದಳು.

“ಏನಂತಾಳ ಅಕ್ಕಾ?”

ಈರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಬೆರಳು ಎಲ್ಲಿಟ್ಟಿದ್ಯವ್ವಾ ಅಂತಾಳ, ಹುಚ್ಚಿ.”

ಕಳಕಪ್ಪ ಆ ವಾರ ಹಾಕಿದ ವಿಡಿಯೋ ಚಿಕ್ಕದು. “ದನಿ ಭಾಳ ಚಲೋ ಐತ್ರಿ. ಆದ್ರ ಕೈಲೆ ಮಾತಾಡವರು ಇದನ್ನ ತಗೋಬ್ಯಾಡ್ರಿ. ಇದು ಬೆರಳು ತಿಂತೈತಿ.” ಕೆಳಗೆ ಬಹಳ ಜನ ನಕ್ಕರು. ಎಲ್ಲಿಂದಲೋ ಒಬ್ಬ ಹೆಣ್ಣುಮಗಳು ಮಾತ್ರ, ನನ್ನ ಅಣ್ಣನೂ ಕೈಯಲ್ಲಿ ಮಾತಾಡುತ್ತಾನೆ ಎಂದು ಬರೆದಳು. ಕಳಕಪ್ಪ ಅದನ್ನು ಎರಡು ಸಲ ಓದಿದ. ಹೊಸ ಫೋನು ಬಂದ ಡಬ್ಬಿಯಲ್ಲೇ ವಾಪಸು ಹೋಯಿತು.

ನನ್ನನ್ನು ಈರವ್ವನಿಗೆ ಕೊಟ್ಟು, ಅವಳ ಗುಂಡಿ ಫೋನನ್ನು ತಾನು ಇಟ್ಟುಕೊಂಡ. ಅಂದಿನಿಂದ ವಿಡಿಯೋ ಮಾಡುವಾಗ ಮಾಬೂಸಾಬನ ಫೋನು ಇಸಿದುಕೊಳ್ಳುತ್ತಾನೆ, ಅದಕ್ಕೂ ಮುಯ್ಯಿ ದುಡಿಯುತ್ತಾನೆ.

“ಪುಕ್ಕಟೆ ಒಲ್ಲೆಪಾ ತಮ್ಮಾ,” ಎಂದಿದ್ದಳು ಈರವ್ವ. “ಎಷ್ಟು ಮುಯ್ಯಿ, ಹೇಳು.”

“ನಿನ್ನ ಜೋಡಿ ಲೆಕ್ಕಿಲ್ಲ. ಕಸ್ತೂರಿ ಬರ್ಲಿ, ಆಕಿ ಕೂಡ ಮಾತಾಡ್ತೀನಿ.”

ಅಂದಿನಿಂದ ನನ್ನ ವಾಸ ಈರವ್ವನ ಗೋಡೆಯ ಗೂಡಿನಲ್ಲಿ, ಕುಂಕುಮದ ಬಟ್ಟಲಿನ ಪಕ್ಕ. ವೇದಿಕೆಯ ಸುದ್ದಿ ಅಲ್ಲಿಗೆ ಬರುವುದಿಲ್ಲ. ವಾರವೆಲ್ಲ ಮಲಗಿರುತ್ತೇನೆ, ಭಾನುವಾರ ಏಳುತ್ತೇನೆ. ನನಗಿಂತ ಚಂದ ತೋರಿಸುವವರು ಲೋಕದ ತುಂಬ ಇದ್ದಾರೆ. ಇರಲಿ. ಕಂಡ ಹಾಗೆ ತೋರಿಸುವವನೂ ಒಬ್ಬ ಬೇಕಾಗುತ್ತದೆ.

ಇವತ್ತು ನನ್ನನ್ನು ಹೊಲಕ್ಕೆ ತಂದವಳು ಕಸ್ತೂರಿ. ಪರೀಕ್ಷೆ ಮುಗಿಸಿ ಬಂದಿದ್ದಾಳೆ. ನನ್ನ ಮುಯ್ಯಿ ತೀರಿಸಲೆಂದು ಬೆಳಗಿನಿಂದ ಕಳಕಪ್ಪನ ಹೊಲದಲ್ಲಿ, ತಾಯಿಗಿಂತ ಮುಂದೆ ಮುಂದೆ ಬಿಡಿಸುತ್ತಿದ್ದಾಳೆ. ಈಗ ಹೊತ್ತು ಇಳಿಯಿತು. ತುಂಬಿದ ಚೀಲವನ್ನು ಬದುವಿಗೆ ತಂದು ಇಳಿಸಿ, ಕಳಕಪ್ಪನ ಎದುರು ನಿಂತು, ಎರಡೂ ಅಂಗೈ ಉಜ್ಜಿ ಕೊಡವಿದಳು. ತೀರಿತು.

ಕಳಕಪ್ಪ ಚೀಲ ನೋಡಿದ, ಹುಡುಗಿಯನ್ನು ನೋಡಿದ. ಬಾಯಿ ತೆರೆದವನು ಏನೋ ನೆನಪಾಗಿ ಮುಚ್ಚಿಕೊಂಡ. ಖಾರ ಮೆತ್ತಿದ ಒಂದು ಬೆರಳನ್ನು ಎತ್ತಿ ತೋರಿಸಿದ: ಇನ್ನೂ ಒಂದು ದಿನ ಉಳಿದಿದೆ. ಅದು ಮುಂದಿನ ಸುಗ್ಗಿಗೆ ಎಂಬಂತೆ ದೂರಕ್ಕೆ ಕೈ ಬೀಸಿದ.

ಕಸ್ತೂರಿ ಸೊಂಟದ ಮೇಲೆ ಕೈಯಿಟ್ಟುಕೊಂಡು ದಬಾಯಿಸುವವಳ ಹಾಗೆ ನೋಡಿದಳು. ಆಮೇಲೆ ನಕ್ಕು, ತನ್ನದೂ ಒಂದು ಬೆರಳನ್ನೆತ್ತಿ ಒಪ್ಪಿಕೊಂಡಳು.

ಸಂಜೆಯ ಬೆಳಕು ಕಡಿಮೆಯಿತ್ತು. ನನ್ನ ಗಾಜೂ ಮಾಸಿದೆ. ಆದರೂ ಎರಡು ಬೆರಳೂ ನನಗೆ ಸ್ಪಷ್ಟವಾಗಿ ಕಂಡವು.