ಹೆಡ್‌ಮಾಸ್ತರರ ಕೋಣೆಯ ಕಪಾಟು

ಮಾಗಿಯ ಚಳಿ ಇನ್ನೂ ಹೋಗಿರಲಿಲ್ಲ. ಬೆಳಗಿನ ಏಳು ಗಂಟೆ ಇದ್ದೀತು. ಹುಬ್ಬಳ್ಳಿಯ ಒಂದು ತಗಡಿನ ಶೆಡ್ಡಿನಲ್ಲಿ ದಾದಾಪೀರ ಎಂಬ ಕೆಲಸಗಾರ ನನ್ನ ಎರಡನೆಯ ಬಾಗಿಲನ್ನು ಕೂಡಿಸಿದ. ನಾಲ್ಕು ಸಲ ತೆಗೆದು ಹಾಕಿ ನೋಡಿದ. ಕಿರ್ರೆನ್ನಲಿಲ್ಲ. ಸಮಾಧಾನವಾಗಿ ಬೀಡಿ ಹಚ್ಚಿದ. ನಾನು ಹುಟ್ಟಿದ್ದು ಹಾಗೆ. ನಾನು ಒಂದು ಕಬ್ಬಿಣದ ಕಪಾಟು. ಆರು ಅಡಿ ಎತ್ತರ, ನಾಲ್ಕು ಖಾನೆ, ಬೂದು ಬಣ್ಣ.

ಓದು ಬರಹ ನನಗೆ ಬರುವುದಿಲ್ಲ. ಮೂವತ್ತೈದು ವರ್ಷ ಶಾಲೆಯಲ್ಲೇ ಇದ್ದೂ ಬರುವುದಿಲ್ಲ, ಯಾಕೆಂದರೆ ನನ್ನನ್ನು ಒಂದು ದಿನವೂ ತರಗತಿಯೊಳಗೆ ಇಡಲಿಲ್ಲ. ಆದರೆ ಕೇಳಿದ್ದು, ಕಂಡದ್ದು ಮರೆತಿಲ್ಲ. ಅದನ್ನೇ ಹೇಳುತ್ತೇನೆ.

ಮೊದಲು ನಾನಿದ್ದದ್ದು ಗದಗಿನ ಒಂದು ಸೀರೆ ಅಂಗಡಿಯಲ್ಲಿ. ಅಲ್ಲಿ ದಿನಕ್ಕೆ ಐವತ್ತು ಸಲವಾದರೂ ನನ್ನ ಬಾಗಿಲು ತೆಗೆಯುತ್ತಿದ್ದರು. “ಅದಲ್ರೀ, ಅದರ ಕೆಳಗಿಂದು, ಹಸರ ದಡೀದು” ಎಂದು ಹೆಣ್ಣುಮಕ್ಕಳು ಬೆರಳು ಮಾಡಿ ತೋರಿಸುವರು. ಸೀರೆ ಹೊರಗೆ ಹೋಗುವುದು, ಹೊಸತು ಒಳಗೆ ಬರುವುದು. ಕಪಾಟಿನ ಬಾಳು ಎಂದರೆ ಇಷ್ಟೇ ಇರಬೇಕು, ಚೆನ್ನಾಗಿದೆ ಅಂದುಕೊಂಡಿದ್ದೆ. ನಾಲ್ಕು ವರ್ಷಕ್ಕೆ ಅಂಗಡಿಯವರು ಗಾಜಿನ ಶೋಕೇಸು ಮಾಡಿಸಿದರು. ನನ್ನ ಹಣೆಯ ಮೇಲೆ ‘ದಾನಿಗಳು’ ಎಂದು ತಮ್ಮ ಅಪ್ಪನ ಹೆಸರು ಬರೆಸಿ, ತಮ್ಮ ಹುಟ್ಟೂರಿನ ಶಾಲೆಗೆ ಟ್ರ್ಯಾಕ್ಟರಿನಲ್ಲಿ ಕಳಿಸಿಕೊಟ್ಟರು.

ಶಾಲೆಯಲ್ಲಿ ನನ್ನನ್ನು ಹೆಡ್‌ಮಾಸ್ತರರ ಕೋಣೆಯ ಗೋಡೆಗೆ ನಿಲ್ಲಿಸಿದರು. ಮೊದಲನೆಯ ದಿನವೇ ಬೀಗ ಬಿತ್ತು.

ಆ ವರ್ಷ ಸರಕಾರದಿಂದ ರೇಡಿಯೊ ಬಂದಿತ್ತು, ಮಕ್ಕಳಿಗೆ ಪಾಠ ಕೇಳಿಸಲೆಂದು. ಕೆಟ್ಟೀತೆಂದು ನನ್ನೊಳಗೆ ಇಟ್ಟರು. ಆಮೇಲೆ ಟೇಪ್ ರೆಕಾರ್ಡರ್ ಬಂತು. ಆಗ ಅಣ್ಣಿಗೇರಿ ಸರ್ ಎಂಬ ಹೊಸ ಮಾಸ್ತರು ಈ ಶಾಲೆಗೆ ಸೇರಿದ್ದರು. ಇಪ್ಪತ್ತೇಳರ ಹುರುಪು. ಅವರು ಬೀಗ ತೆಗೆಸಿ ಆ ಟೇಪ್ ರೆಕಾರ್ಡರನ್ನು ತರಗತಿಗೆ ಒಯ್ದರು. ಮಕ್ಕಳು ಇಂಗ್ಲಿಷ್ ಪದ್ಯ ಹಾಡುವುದು ಗೋಡೆಯಾಚೆಯಿಂದ ನನಗೆ ಕೇಳುತ್ತಿತ್ತು. ಎಂಟನೆಯ ದಿನ ಯಾರದೋ ಕಾಲಿಗೆ ವಾಯರು ತೊಡರಿ ಟೇಪ್ ರೆಕಾರ್ಡರ್ ನೆಲಕ್ಕೆ ಬಿತ್ತು. ಅಷ್ಟೇ. ಮೆಮೊ ಬಂತು, ಅದಕ್ಕೆ ಉತ್ತರ ಹೋಯಿತು, ಉತ್ತರ ಸಾಲದೆಂದು ಇನ್ನೊಂದು ಮೆಮೊ ಬಂತು. ಒಂದು ಟೇಪ್ ರೆಕಾರ್ಡರಿನ ಸಲುವಾಗಿ ಅಣ್ಣಿಗೇರಿ ಸರ್ ಮೂರು ವರ್ಷ ತಾಲೂಕಿನ ಆಫೀಸಿಗೆ ಅಲೆದರು. ಅದಾದ ಮೇಲೆ ಅವರು ನನ್ನಿಂದ ಏನನ್ನೂ ಕೇಳಲಿಲ್ಲ. ವರ್ಗವಾಗಿ ಬೇರೆ ಊರುಗಳನ್ನು ತಿರುಗಿ, ಕೂದಲು ಬೆಳ್ಳಗಾದ ಮೇಲೆ ಇದೇ ಶಾಲೆಗೆ ಹೆಡ್‌ಮಾಸ್ತರರಾಗಿ ಬಂದರು. ಬಂದವರೇ ನನ್ನ ಬೀಗ ಬದಲಿಸಿ ದೊಡ್ಡದು ಹಾಕಿಸಿದರು. ಕೀಲಿಕೈ ಅವರ ಅಂಗಿಯ ಒಳಜೇಬಿನಲ್ಲಿ.

ಹೋದ ವರ್ಷದ ಹಿಂದಿನ ವರ್ಷ ಜೂನ್ ತಿಂಗಳಲ್ಲಿ ಟ್ಯಾಬುಗಳು ಬಂದವು. ಇಪ್ಪತ್ತು. ಸ್ಲೇಟಿನಷ್ಟು ಅಗಲ, ಮೇಲೆ ಗಾಜು. ಇನ್ನು ಮುಂದೆ ಮಕ್ಕಳು ಇದರಲ್ಲೇ ಕಲಿಯುವ ಕಾಲ ಎಂದು ತಂದವರು ಭಾಷಣ ಮಾಡಿದರು. ಅಣ್ಣಿಗೇರಿ ಸರ್ ಒಂದೊಂದನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ನನ್ನ ಎರಡನೆಯ ಖಾನೆಯಲ್ಲಿ ಜೋಡಿಸಿ, ರೇಶಿಮೆ ಸೀರೆಗೆ ಇಡುವ ಹಾಗೆ ನಡುನಡುವೆ ಡಾಂಬರು ಗುಳಿಗೆ ಇಟ್ಟರು. ಬೀಗ ಹಾಕಿದರು.

ಅಡುಗೆಯ ಹುಸೇನಬಿ ಚಹಾ ತಂದವಳು ನೋಡಿ ನಕ್ಕಳು. “ಸರ, ಒಳಗ ತತ್ತಿ ಇಟ್ಟೀರೇನ್ರಿ? ಯಾವಾಗ ಮರಿ ಮಾಡತಾವ್ರಿ?”

“ನೀ ಚಹಾ ಇಟ್ಟು ಹೋಗವ್ವಾ” ಎಂದರು ಸರ್.

ಅದನ್ನು ಬಳಸುವುದು ಹೇಗೆಂದು ಕಲಿಯಲು ಕಸ್ತೂರಿ ಹೊಂಬಳ ಅಕ್ಕೋರನ್ನು ತಾಲೂಕಿಗೆ ತರಬೇತಿಗೆ ಕಳಿಸಿದರು. ಐದನೆಯ ತರಗತಿಗೆ ಕಲಿಸುವವರು ಅವರೇ. ಐದು ದಿನ ಹೋಗಿ ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕೂತರು.

“ಏನ ಕಲಿಸಿದ್ರು ಅಕ್ಕೋರ?” ಸರ್ ಕೇಳಿದರು.

“ಮೂರು ದಿನ ಕರೆಂಟ ಇರಲಿಲ್ಲ ಸರ. ಬೋರ್ಡಿನ ಮ್ಯಾಲೆ ಟ್ಯಾಬಿನ ಚಿತ್ರ ಬರದು ತೋರಿಸಿದ್ರು. ನಾನೂ ವಹಿಯೊಳಗ ಬರಕೊಂಡೀನಿ, ಇಲ್ಲಿ ಒತ್ತಬೇಕು, ಇಲ್ಲಿ ಎಳೀಬೇಕು ಅಂತ.”

“ಮತ್ತ ಕರೆಂಟ ಬಂದ ಮ್ಯಾಲೆ ಒತ್ತಿದ್ರಿಲ್ಲೋ?”

“ಒಮ್ಮೆ ಒತ್ತೀನ್ರಿ. ಆರು ಮಂದಿಗೆ ಒಂದ ಟ್ಯಾಬ ಇತ್ತು. ನನ್ನ ಪಾಳಿ ಮತ್ತ ಬರಲಿಲ್ಲ.”

“ಹೋಗ್ಲಿ ಬಿಡ್ರಿ, ಸರ್ಟಿಫಿಕೇಟ ಬಂತಲ್ಲ.”

ಸರ್ಟಿಫಿಕೇಟೂ ನನ್ನೊಳಗೆ ಬಂತು. ಟ್ಯಾಬುಗಳ ಪಕ್ಕದಲ್ಲೇ.

ಹೀಗೆ ಒಂದೂವರೆ ವರ್ಷ ಕಳೆಯಿತು. ಒಳಗಿದ್ದ ಇಪ್ಪತ್ತೂ ಉಸಿರೇ ಆಡದ ಹಾಗೆ ಬಿದ್ದಿದ್ದವು. ನನಗೆ ಸಂಕಟವಾಗುತ್ತಿತ್ತು. ಆದರೆ ಏನು ಮಾಡಲಿ? ತೆರೆಯುವುದು ನನ್ನ ಕೈಯಲ್ಲಿಲ್ಲ.

ಐದನೆಯ ತರಗತಿಯಲ್ಲಿ ದ್ಯಾಮಕ್ಕ ಎಂಬ ಹುಡುಗಿ ಇದ್ದಳು. ಲೆಕ್ಕದಲ್ಲಿ ಬಹಳ ಚುರುಕು. ಅಕ್ಕೋರು ಬಾಯಲ್ಲಿ ಲೆಕ್ಕ ಹೇಳಿ ಮುಗಿಸುವುದರೊಳಗೆ ಉತ್ತರ ಹೇಳುವಳು. ಅವಳ ಅಪ್ಪ ಅವ್ವ ಇಬ್ಬರೂ ರಸ್ತೆಯ ಬದಿಗೆ ಇಂಟರ್ನೆಟ್ಟಿನ ಕೇಬಲ್ ಹಾಕಲು ತಗ್ಗು ತೋಡುವವರು. ಕೆಲಸ ಎಲ್ಲಿಗೆ ಹೋದರೆ ಅಲ್ಲಿ ಅವರ ಗುಡಿಸಲು. ಎರಡು ವರ್ಷದಿಂದ ಕೆಲಸ ಈ ಸೀಮೆಯಲ್ಲೇ ನಡೆದಿತ್ತು, ಹಾಗಾಗಿ ಹುಡುಗಿ ಒಂದೇ ಶಾಲೆಯಲ್ಲಿ ನಿಂತಿದ್ದಳು. ಜನವರಿಯಲ್ಲಿ ಅವಳ ಅವ್ವ ಸೊಂಟದ ಮೇಲೆ ಸಣ್ಣ ಮಗುವನ್ನು ಹೊತ್ತು ಹೆಡ್‌ಮಾಸ್ತರರ ಕೋಣೆಗೆ ಬಂದಳು.

“ಇಲ್ಲೀದು ಕೆಲಸ ಮುಗೀತ್ರಿ ಅಕ್ಕೋರ. ಬ್ಯಾಸಗಿಗೆ ಸೊಲ್ಲಾಪುರದ ಕಡಿಗೆ ಹೋಗತೀವಿ.”

“ದ್ಯಾಮಕ್ಕನ್ನ ಏನ ಮಾಡತೀರಿ?”

“ನೀವ ಅಂತಿದ್ರಲ್ಲ, ವಸತಿ ಶಾಲಿ ಅಂತ. ಅಲ್ಲಿ ಸಿಕ್ರ ಬಿಟ್ಟು ಹೋಗತೀನ್ರಿ, ಓದಲಿ. ಸಿಗಲಿಲ್ಲಂದ್ರ ನಮ್ಮ ಜೋಡಿ ಬರತಾಳ. ಈ ಸಣ್ಣದನ್ನ ನೋಡಕೋತಾಳ. ಮತ್ತ್ಯಾರದಾರ್ರಿ ನನಗ?”

ವಸತಿ ಶಾಲೆಗೆ ಸೇರಬೇಕಾದರೆ ಒಂದು ಪರೀಕ್ಷೆ. ಆ ವರ್ಷ ಪರೀಕ್ಷೆಯನ್ನು ಹಾಳೆಯಲ್ಲಲ್ಲ, ತಾಲೂಕಿನಲ್ಲಿ ಕಂಪ್ಯೂಟರಿನ ಪರದೆಯ ಮೇಲೆ ಮಾಡುವರೆಂದು ಪತ್ರ ಬಂತು. ಮಕ್ಕಳಿಗೆ ರೂಢಿಯಾಗಲೆಂದು ಟ್ಯಾಬಿನೊಳಗೆ ಮಾದರಿ ಪರೀಕ್ಷೆ ಮೊದಲೇ ಹಾಕಿ ಕಳಿಸಿದ್ದೇವೆ ಎಂದೂ ಅದರಲ್ಲಿತ್ತು. ಅಕ್ಕೋರು ಪತ್ರ ಹಿಡಿದುಕೊಂಡೇ ಸರ್ ಮುಂದೆ ನಿಂತರು.

“ಸರ, ನಾಕ ಟ್ಯಾಬ ಕೊಡ್ರಿ. ಒಂದ ತಿಂಗಳ ಮಟ್ಟಿಗೆ.”

“ಅಕ್ಕೋರ, ಮಾರ್ಚ್ ಮೂವತ್ತೊಂದಕ್ಕ ನಾ ರಿಟಾಯರ್ ಆಗತೀನಿ. ಯಾದಿ ಹಿಡಕೊಂಡು ಇಪ್ಪತ್ತಕ್ಕ ಇಪ್ಪತ್ತೂ ಒಪ್ಪಿಸಿ ಹೋಗಬೇಕು. ಒಂದರ ಗಾಜು ಸೀಳಿದ್ರ ನನ್ನ ಪೆನ್ಶನ್ ಕಾಗದ ಅಲ್ಲೇ ನಿಂದರತಾವು.”

“ನನ್ನ ಹೊಣಿ ಅಂತ ಬರದು ಕೊಡ್ತೀನ್ರಿ.”

“ನೀವು ಬರದು ಕೊಟ್ರೂ ಕೇಳೂದು ನನ್ನ ಸಹಿ. ಟೇಪ್ ರೆಕಾರ್ಡರಿನ ಕತಿ ನಿಮಗ ಗೊತ್ತಿಲ್ಲ. ನನಗ ಗೊತ್ತೈತಿ.” ಆಮೇಲೆ ದನಿ ಇಳಿಸಿದರು. “ನಿಮ್ಮ ಫೋನ ಐತಲ್ರಿ? ಅದರಾಗ ತೋರಸ್ರಿ.”

ಅವರು ಕೆಟ್ಟವರಲ್ಲ. ಮಕ್ಕಳ ಮೇಲೆ ಒಂದು ದಿನವೂ ಕೈ ಎತ್ತಿದ್ದನ್ನು ನಾನು ಕಂಡಿಲ್ಲ. ಆದರೆ ಆ ದಿನ ನನ್ನೊಳಗೆ ಬೆಂಕಿ ಬಿದ್ದ ಹಾಗಾಗಿತ್ತು. ಮಕ್ಕಳಿಗೆ ಬೇಕಾದದ್ದು ನನ್ನ ಹೊಟ್ಟೆಯೊಳಗೇ ಇತ್ತು, ಕೇಳುವವರು ನನ್ನಿಂದ ಎರಡು ಮಾರು ದೂರದಲ್ಲಿ ನಿಂತಿದ್ದರು.

ಅದೇ ತಿಂಗಳು ಒಂದು ಸಲ ಬೀಗ ತೆಗೆದರು. ಶಾಲೆಯಲ್ಲಿ ಟ್ಯಾಬು ಬಳಸುತ್ತಿರುವ ಫೋಟೋ ಕಳಿಸಿರಿ ಎಂದು ಮೇಲಿನಿಂದ ಕೇಳಿದ್ದರು. ಇಪ್ಪತ್ತು ಮಕ್ಕಳನ್ನು ಅದೇ ಕೋಣೆಯಲ್ಲಿ ಸಾಲಾಗಿ ಕೂರಿಸಿ, ಕೈಗೊಂದು ಟ್ಯಾಬು ಕೊಟ್ಟರು. ಯಾವುದನ್ನೂ ಹಚ್ಚಲಿಲ್ಲ.

“ಕೆಳಗ ನೋಡ್ರಿ, ಓದಾಕತ್ತಂಗ ನೋಡ್ರಿ” ಎಂದರು ಸರ್.

“ಅಕ್ಕೋರ, ಇದರಾಗ ನಾನ ಕಾಣಾಕತ್ತೀನಿ!” ಎಂದಳು ದ್ಯಾಮಕ್ಕ. ಮಕ್ಕಳೆಲ್ಲ ನಕ್ಕರು. ಫೋಟೋ ಬಹಳ ಚೆನ್ನಾಗಿ ಬಂತಂತೆ.

“ಸಾಕ, ಕೊಡ್ರಿ ಕೊಡ್ರಿ, ಬೆರಳಿನ ಗುರ್ತು ಬೀಳತಾವು” ಎಂದು ಸರ್ ಎಲ್ಲವನ್ನೂ ಇಸಿದುಕೊಂಡು, ಟವೆಲ್ಲಿನಿಂದ ಒರೆಸಿ, ಮತ್ತೆ ಸುತ್ತಿ ಒಳಗಿಟ್ಟರು.

ಕಸ್ತೂರಿ ಅಕ್ಕೋರು ತಮ್ಮ ಫೋನಿನಲ್ಲೇ ರೂಢಿ ಮಾಡಿಸಿದರು. ಆ ಮಾದರಿ ಪರೀಕ್ಷೆ ಅದರಲ್ಲಿರಲಿಲ್ಲ, ಬೇರೆ ಪ್ರಶ್ನೆಗಳಿದ್ದವು. ಒಂದು ಫೋನು, ಮೂವತ್ತೆರಡು ಮಕ್ಕಳು. ಶಾಲೆ ಬಿಟ್ಟ ಮೇಲೆ ಆ ಕೋಣೆಯ ಬಾಗಿಲಲ್ಲಿ ಪಾಳಿ ಹಚ್ಚುತ್ತಿದ್ದರು. ಒಬ್ಬೊಬ್ಬರಿಗೆ ಒಂದು ಪ್ರಶ್ನೆ. ಸರಿ ಅನಿಸಿದ ಉತ್ತರದ ಮೇಲೆ ಬೆರಳು ಒತ್ತಬೇಕು, ಸರಿಯಿದ್ದರೆ ಅದು ಹಸಿರಾಗುವುದು. “ಹಸರ ಆತಿಲ್ಲೋ? ಶಾಣ್ಯಾ ಅದೀ. ಮುಂದಿನವರು ಬರ್ರಿ.” ಮುಂದಿನವರಿಗೆ ಅಕ್ಕೋರೇ ಹೊಸ ಪ್ರಶ್ನೆ ತೆಗೆದು ಕೊಡುವರು. ದ್ಯಾಮಕ್ಕ ಒಂದು ಸಲವೂ ತಪ್ಪಲಿಲ್ಲ.

ಪರೀಕ್ಷೆ ಫೆಬ್ರುವರಿಯ ಒಂದು ರವಿವಾರ ಆಯಿತು. ಸೋಮವಾರ ಬೆಳಿಗ್ಗೆ ಪ್ರಾರ್ಥನೆ ಮುಗಿಯುತ್ತಲೂ ಅಕ್ಕೋರು ಹುಡುಗಿಯನ್ನು ಕರೆದುಕೊಂಡು ಕೋಣೆಗೆ ಬಂದರು. ಸರ್ ಹಾಜರಿ ನೋಡುತ್ತಿದ್ದರು.

“ಹೆಂಗಾತವ್ವಾ?” ಸರ್ ಕೇಳಿದರು.

“ಚೊಲೊ ಆತ್ರಿ. ಐದಕ್ಕ ಐದೂ ಮಾಡೀನ್ರಿ.”

“ಐದಲ್ಲವ್ವಾ, ಅರವತ್ತು” ಎಂದರು ಅಕ್ಕೋರು.

“ಇಲ್ರಿ, ಐದ ಇದ್ದವ್ರಿ. ಲಗೂ ಲಗೂ ಮಾಡಿ, ಕೈ ಕಟ್ಟಿಕೊಂಡು ಕುಂತೆ. ಮುಂದಿಂದು ಅಲ್ಲಿಯ ಸರ ಬಂದು ಕೊಡತಾರಂತ ದಾರಿ ನೋಡಿದೆ. ಗಂಟಿ ಹೊಡಿಯೂತನಕ ಕುಂತಿದ್ದೆ. ಗದ್ದಲ ಮಾಡಲಿಲ್ರಿ.”

ನಮ್ಮ ಶಾಲೆಯಲ್ಲಿ ಮಕ್ಕಳಿಗೆ ಮೊದಲಿನಿಂದ ಕಲಿಸಿದ್ದು ಅದನ್ನೇ. ಬರೆದಾದ ಮೇಲೆ ಕೈ ಕಟ್ಟು, ಸುಮ್ಮನೆ ಕೂತುಕೋ, ಕೊಡುವತನಕ ಮುಟ್ಟಬೇಡ. ಅವಳು ಅದನ್ನು ಚಾಚೂ ತಪ್ಪದೆ ಮಾಡಿದ್ದಳು. ಪರದೆಯ ಮೇಲೆ ಒಮ್ಮೆಗೆ ಐದೇ ಪ್ರಶ್ನೆ ಕಾಣುತ್ತವೆ, ಮುಂದಿನ ಐದಕ್ಕೆ ತಾನೇ ಹೋಗಬೇಕು ಎಂಬುದನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

ಅಕ್ಕೋರು ತರಬೇತಿಯ ವಹಿ ತೆಗೆದು ಹಾಳೆ ತಿರುವಿದರು. ಮತ್ತೆ ಮೊದಲಿನಿಂದ ತಿರುವಿದರು. ಮುಂದಕ್ಕೆ ಹೋಗುವುದು ಹೇಗೆಂದು ಅದರಲ್ಲಿ ಇರಲಿಲ್ಲ.

“ನನಗೂ ಗೊತ್ತಿರಲಿಲ್ಲವ್ವಾ” ಎಂದರು.

ಸರ್ ತಲೆ ಎತ್ತಲಿಲ್ಲ. “ಅಲ್ಲಿಯವರು ಹೇಳಬೇಕಿತ್ತು ಹುಡುಗೂರಿಗೆ” ಎಂದು ಹಾಜರಿ ಪುಸ್ತಕಕ್ಕೇ ಹೇಳಿದರು.

ಮಾರ್ಚ್ ಮೂವತ್ತೊಂದು ಬಂತು. ಅಣ್ಣಿಗೇರಿ ಸರ್ ಜಾಗಕ್ಕೆ ಸದ್ಯ ಕಸ್ತೂರಿ ಅಕ್ಕೋರೇ ಹೆಡ್‌ಮಾಸ್ತರು. ಹಾರ, ಶಾಲು, ಉಪ್ಪಿಟ್ಟು ಎಲ್ಲ ಮುಗಿದ ಮೇಲೆ ಸರ್ ನನ್ನ ಬೀಗ ತೆಗೆದರು. ಕೊರಳಲ್ಲಿ ಹಾರ ಇನ್ನೂ ಇತ್ತು. ಒಂದೊಂದಾಗಿ ಎಣಿಸಿ ಮೇಜಿನ ಮೇಲೆ ಇಟ್ಟರು.

“ಹತ್ತೊಂಬತ್ತು, ಇಪ್ಪತ್ತು. ನೋಡ್ರಿ ಅಕ್ಕೋರ, ಒಂದಕ್ಕರೆ ಗೀರು ಬಿದ್ದೈತೇನು?”

“ಇಲ್ರಿ. ಒಮ್ಮೆ ಹಚ್ಚಿ ನೋಡೂಣ್ರಿ.”

“ಎಣಿಸಿ ಕೊಡೂದು ನನ್ನ ಕೆಲಸ. ಹಚ್ಚೂದು ಯಾದಿಯೊಳಗಿಲ್ಲ.”

ಅಕ್ಕೋರು ವಾಯರು ಚುಚ್ಚತೊಡಗಿದರು. ಮೊದಲನೆಯದು ಹತ್ತಲಿಲ್ಲ. ಎರಡನೆಯದೂ ಇಲ್ಲ. ನಾಲ್ಕು ಟ್ಯಾಬಿನ ಹೊಟ್ಟೆ ಉಬ್ಬಿ ಗಾಜು ಮೇಲೆದ್ದಿತ್ತು. ಹೊಸದಾಗಿಯೇ ಇರಲೆಂದು ಒಂದು ಸಲವೂ ಕರೆಂಟು ತುಂಬದೆ ಇಟ್ಟದ್ದಕ್ಕೆ ಬ್ಯಾಟರಿಗಳು ಒಳಗೊಳಗೇ ಸತ್ತಿದ್ದವು. ಡಾಂಬರು ಗುಳಿಗೆಯ ವಾಸನೆ ಮಾತ್ರ ಕೋಣೆ ತುಂಬ ಹರಡಿತು. ಹನ್ನೊಂದನೆಯದೊಂದೇ ಅರ್ಧ ತಾಸು ಕಾದ ಮೇಲೆ ಹೊತ್ತಿಕೊಂಡಿತು. ಅಕ್ಕೋರು ಹುಡುಕಿ ಹುಡುಕಿ ಮಾದರಿ ಪರೀಕ್ಷೆ ತೆಗೆದರು. ಐದು ಪ್ರಶ್ನೆ. ಕೆಳಗೆ ಮೂಲೆಯಲ್ಲಿ ಒಂದು ಸಣ್ಣ ಬಾಣದ ಗುರುತು.

ಸರ್ ಕನ್ನಡಕ ಏರಿಸಿ ಬಗ್ಗಿ ನೋಡಿದರು. ತಾವೇ ಬೆರಳು ಚಾಚಿ ಬಾಣ ಒತ್ತಿದರು. ಬೇರೆ ಐದು ಪ್ರಶ್ನೆ ಬಂದವು.

“ಇಷ್ಟ ಏನ್ರಿ?” ಎಂದರು.

“ಇಷ್ಟ ರೀ ಸರ.”

ಸರ್ ಕುರ್ಚಿಯ ಮೇಲೆ ಕೂತರು. ಆಮೇಲೆ ಹಾರ ತೆಗೆದು ಮೇಜಿನ ಮೇಲಿಟ್ಟು, ಕೀಲಿಕೈ ಅದರ ಪಕ್ಕ ಇಟ್ಟು, ಐದು ಗಂಟೆಯ ಬಸ್ಸಿಗೆ ಹೋದರು. ಮೂವತ್ತು ವರ್ಷದ ಹಿಂದೆ ಆ ಟೇಪ್ ರೆಕಾರ್ಡರಿನ ಸಲುವಾಗಿ ಆ ಮನುಷ್ಯನನ್ನು ಅಷ್ಟು ಹಣಿಯದಿದ್ದರೆ? ಅವರನ್ನು ಬಯ್ಯಬೇಕೆಂದಾಗಲೆಲ್ಲ ನನಗೆ ಆ ವಾಯರು ನೆನಪಾಗಿ ಬಾಯಿ ಕಟ್ಟುತ್ತದೆ.

ಅಂದಿನಿಂದ ಅಕ್ಕೋರು ನನಗೆ ಬೀಗ ಹಾಕಿಲ್ಲ. ಈಗ ನಾನು, ಮಕ್ಕಳ ಕೈಗೆ ಸಿಗಲೆಂದು, ವರಾಂಡದ ಮೂಲೆಯಲ್ಲಿದ್ದೇನೆ. ಕೆಳಗೆ ತುಕ್ಕು ತಿಂದಿದೆ, ಒಂದು ಬಾಗಿಲು ಜೋತು ಬಿದ್ದಿದೆ. ಮಕ್ಕಳು ಪುಸ್ತಕ, ಪಟ್ಟಿ, ಆಟದ ಸಾಮಾನು, ಬೇಕಾದ್ದು ತೆಗೆದುಕೊಂಡು ಹೋಗುತ್ತಾರೆ, ಮುರಿದು ತರುತ್ತಾರೆ, ಬಯ್ಯಿಸಿಕೊಳ್ಳುತ್ತಾರೆ. ಸೀರೆ ಅಂಗಡಿಯಷ್ಟಲ್ಲದಿದ್ದರೂ ದಿನಕ್ಕೆ ಹತ್ತು ಸಲ ನನ್ನ ಬಾಗಿಲು ಬಡಿಯುತ್ತದೆ. ಖುಷಿಪಡಬೇಕು. ಪಡುತ್ತೇನೆ ಕೂಡ. ಆದರೆ ಇದನ್ನು ಎರಡು ತಿಂಗಳ ಮೊದಲೇ ಮಾಡಿದ್ದರೆ ಎಂಬ ಸಿಟ್ಟು ಮಾತ್ರ ಇಳಿಯುವುದಿಲ್ಲ.

ಯಾಕೆಂದರೆ ಏಪ್ರಿಲ್‌ನಲ್ಲಿ ವಸತಿ ಶಾಲೆಯ ಪಟ್ಟಿ ಬಂತು. ದ್ಯಾಮಕ್ಕನ ಹೆಸರು ಅದರಲ್ಲಿರಲಿಲ್ಲ. ಅವಳ ಅವ್ವ ಟಿ.ಸಿ. ಇಸಿದುಕೊಳ್ಳಲು ಬಂದಾಗ ಟೆಂಪೊ ಶಾಲೆಯ ಗೇಟಿನಲ್ಲಿ ನಿಂತಿತ್ತು. ಅಕ್ಕೋರು ಕಾಗದ ಬರೆಯುವಷ್ಟು ಹೊತ್ತು ಆ ಒಂದು ಟ್ಯಾಬನ್ನು ಹುಡುಗಿಯ ಕೈಗೆ ಕೊಟ್ಟು, ಬಾಣ ತೋರಿಸಿದರು. ಅವಳು ನನಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು ಮಾಡತೊಡಗಿದಳು. ಐದು, ಬಾಣ, ಐದು, ಬಾಣ. ಅಕ್ಕೋರು ಬರೆದ ಕಾಗದವನ್ನು ಕೊಡದೆ ಕೈಯಲ್ಲೇ ಹಿಡಿದುಕೊಂಡು ಕಾದರು. ಹೊರಗೆ ಟೆಂಪೊದವನು ಹಾರ್ನ್ ಹೊಡೆಯುತ್ತಲೇ ಇದ್ದ.

“ಮುಗೀತ್ರಿ ಅಕ್ಕೋರ” ಎಂದಳು ಕೊನೆಗೆ.

ಅರವತ್ತರಲ್ಲಿ ಐವತ್ತೆಂಟು ಸರಿ ಇದ್ದವು. ಅಕ್ಕೋರು ಅವಳ ತಲೆಯ ಮೇಲೆ ಕೈ ಇಟ್ಟರು. ದ್ಯಾಮಕ್ಕ ಟ್ಯಾಬನ್ನು ತಾನೇ ತಂದು ನನ್ನ ಎರಡನೆಯ ಖಾನೆಯಲ್ಲಿಟ್ಟು, ತಮ್ಮನನ್ನು ಎತ್ತಿಕೊಂಡು ಅವ್ವನ ಹಿಂದೆ ಹೊರಟುಹೋದಳು.