ನಾನು ಹಾಕಿದ ಟಿಕ್ಕು

ಪಿಯುಸಿ ಫಲಿತಾಂಶ ಬಂದರೆ ಸಾಕು, ನಮ್ಮ ಮೊಳಕಾಲ್ಮೂರಿನ ಮನೆಮನೆಯಲ್ಲೂ ಒಂದೇ ಚಿಂತೆ: ಮಕ್ಕಳನ್ನು ಯಾವ ಕಾಲೇಜಿಗೆ ಸೇರಿಸುವುದು? ಹೋದ ವರ್ಷ ಪಕ್ಕದ ಮನೆಯ ನಿರ್ಮಲಾಳೂ ಅದನ್ನೇ ಕೇಳಿಕೊಂಡು ಬಂದಳು. ನಾನು ಚಳ್ಳಕೆರೆಯ ಕಾಲೇಜೊಂದರಲ್ಲಿ ಎರಡನೇ ವರ್ಷದ ಬಿ.ಎಸ್ಸಿ. ಓದುತ್ತಿದ್ದೆ.

ಸುಳ್ಳು ಯಾಕೆ ಹೇಳಲಿ, ನಿರ್ಮಲಾಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ‘ಅವಳನ್ನ ನೋಡಿ ಕಲೀ’ ಎಂಬ ಮಾತು ಕೇಳಿ ಕೇಳಿ ಕಿವಿ ತೂತು ಬಿದ್ದಿದೆ.

“ಕಾಂಚನಕ್ಕ, ನಾಳೆನೇ ಕೊನೇ ದಿನ. ನಿಮ್ ಕಾಲೇಜಿಗೆ ಸೇರ್ಲಾ, ದುರ್ಗಕ್ಕೆ ಹೋಗ್ಲಾ?”

“ನಮ್ ಕಾಲೇಜಿಗೇ ಬಾ. ಚೆನ್ನಾಗೈತೆ,” ಎಂದೆ.

ಕೆಮಿಸ್ಟ್ರಿ ಲ್ಯಾಬಿನ ಬೀಗ ವರ್ಷದಿಂದ ತೆಗೆದಿಲ್ಲ ಎಂದು ಹೇಳಲಿಲ್ಲ. ನಾನು ಒದ್ದಾಡುವ ಕಡೆ ಅವಳೂ ಬಂದು ಒದ್ದಾಡಲಿ ಎಂದುಕೊಂಡೆ.

“ಇದ್ರಾಗೂ ಹಂಗೇ ಐತಕ್ಕ,” ಎಂದು ಕಾಲೇಜಿನ ಕರಪತ್ರ ತೋರಿಸಿದಳು. ‘ನೂರಕ್ಕೆ ತೊಂಬತ್ತಾರು ವಿದ್ಯಾರ್ಥಿಗಳಿಗೆ ತೃಪ್ತಿ. ಗೆಳೆಯರಿಗೂ ಇಲ್ಲೇ ಸೇರಲು ಹೇಳುತ್ತಾರೆ.’

ಆ ತೊಂಬತ್ತಾರರಲ್ಲಿ ನಾನೂ ಒಬ್ಬಳು. ಕಾಲೇಜಿನವರು ಅಭಿಪ್ರಾಯ ಕೇಳಿ ಕೊಟ್ಟ ಫಾರಂ ಅನ್ನು, ಬಸ್ಸಿಗೆ ಹೊತ್ತಾಯಿತೆಂದು ಓದದೆ ‘ತುಂಬಾ ಚೆನ್ನಾಗಿದೆ’ ಎಂಬಲ್ಲೆಲ್ಲಾ ಟಿಕ್ ಹಾಕಿ ಓಡಿದ್ದೆ.

ನಿರ್ಮಲಾ ಖುಷಿಯಿಂದ ಹೋದಳು. ನಾನು ಆ ಟಿಕ್ಕಿನ ಕಥೆ ಹೇಳಿ ನಕ್ಕೆ. ಮಗ್ಗದಲ್ಲಿ ಕೂತಿದ್ದ ನಮ್ಮವ್ವ ಯರ್ರಮ್ಮ ಕೈ ನಿಲ್ಲಿಸಿದಳು.

“ಲ್ಯಾಬ್ ಇಲ್ಲ ಅಂತ ದಿನಾ ನನ್ ಹತ್ರ ಅಳ್ತೀಯಲ್ಲೇ, ಫಾರಂನಾಗೆ ಯಾಕೆ ಬರೀಲಿಲ್ಲ?”

“ಇದ್ದದ್ದು ಇದ್ದಂಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದೀತಾರವ್ವ.”

“ಹೆಸರು ಬರೀಬೇಕಿತ್ತಾ?”

“ಇಲ್ಲ. ಆದ್ರೂ ಅದನ್ನ ಯಾರು ಓದ್ತಾರೆ?”

“ನಿರ್ಮಲಾ ಓದಿದ್ಲಲ್ಲ, ಕರಪತ್ರದಾಗೆ.”

ಅವ್ವ ಮಗ್ಗದ ಮೇಲಿನ ಸೀರೆ ಮುಟ್ಟಿ ತೋರಿಸಿದಳು.

“ಸೀರೇಲಿ ಎಳೆ ತಪ್ಪಿದ್ರೆ ನಾನು ಮಡಿಕೆಯಾಗೆ ಮುಚ್ಚಿ ಕೊಡ್ತೀನಾ? ನೇಯ್ದೋಳಿಗೆ ಮೊದ್ಲು ಗೊತ್ತಾಗೋದು. ಬಿಚ್ಚಿ ತೋರಿಸ್ತೀನಿ. ಹೋಗು, ಹೇಳಿ ಬಾ.”

ಹೋದೆ. “ಲ್ಯಾಬಿಗೆ ಬೀಗ ಹಾಕೈತೆ ಕಣೇ. ಹೊಟ್ಟೆಕಿಚ್ಚಿಗೆ ನಿಂಗೆ ಹೇಳ್ಲಿಲ್ಲ.”

ನಿರ್ಮಲಾ ಕರಪತ್ರ ಮಡಿಚಿಟ್ಟಳು. ಆಮೇಲೆ, “ನಂಗೂ ನಿನ್ ಮೇಲೆ ಇತ್ತಕ್ಕ, ನೀನು ದಿನಾ ಕಾಲೇಜ್ ಬಸ್ ಹತ್ತೋದು ನೋಡಿ,” ಎಂದಳು. ಮರುದಿನ ದುರ್ಗದ ಕಾಲೇಜಿಗೆ ಸೇರಿದಳು.

ಈ ವರ್ಷ ಫಾರಂ ಬಂದಾಗ ನಾವು ಹನ್ನೊಂದು ಹುಡುಗಿಯರು ಬಸ್ಸು ಬಿಟ್ಟು ಕೂತು ಬರೆದೆವು. ‘ಗೆಳೆಯರಿಗೆ ಸೇರಲು ಹೇಳುತ್ತೀರಾ?’ ಎಂಬಲ್ಲಿ, ‘ಲ್ಯಾಬ್ ತೆಗೆದರೆ ಹೇಳುತ್ತೇನೆ’ ಎಂದು ಬರೆದೆ. ತಿಂಗಳೊಳಗೆ ಬೀಗ ತೆಗೆದರು, ವಾರಕ್ಕೆ ಎರಡು ದಿನ. ನಿರ್ಮಲಾಳಿಗೆ ವಾರಕ್ಕೆ ನಾಲ್ಕು ದಿನ ಲ್ಯಾಬು. ಹೊಟ್ಟೆಕಿಚ್ಚು ಇನ್ನೂ ಇದೆ.

ನಿಮ್ಮ ಕೈಗೂ ಆ ಫಾರಂ ಬರುತ್ತದೆ. ಪೂರ್ತಿ ಓದಿ, ಚೆನ್ನಾಗಿದ್ದರೆ ಚೆನ್ನಾಗಿದೆ ಎನ್ನಿ, ಇಲ್ಲದಿದ್ದರೆ ಯಾವುದು ಇಲ್ಲ ಎಂದು ಬರೆಯಿರಿ. ಬಸ್ಸು ಹೋದರೆ ಇನ್ನೊಂದು ಬರುತ್ತದೆ. ನಿಮ್ಮ ಟಿಕ್ಕು ನಂಬಿ ಸೇರಿದ ಪಕ್ಕದ ಮನೆಯ ಹುಡುಗಿಗೆ ಆ ಮೂರು ವರ್ಷ ಮತ್ತೆ ಬರುವುದಿಲ್ಲ.