ಇಬ್ಬರ ಭಾರ

"ಡಾಕ್ಟ್ರೇ, ಎಂಜಿನ್ ಆಫ್ ಮಾಡಿ. ಒಂದಿಂಚೂ ಮುಂದೆ ತರಬೇಡಿ" ಎನ್ನುತ್ತ ತಮ್ಮ, ಒಗೆದ ಬಿಳಿ ಅಂಗಿಯಲ್ಲೇ ಕೆಂಪು ಕಾರಿನ ಅಡಿಗೆ ನುಸುಳಿದ. ಮನೆಯೊಳಗೆ ಅವನ ಅಣ್ಣ, ಊರೇ ಮೆಚ್ಚಿದ ಮೆಕ್ಯಾನಿಕ್, ಕೊನೆಯ ಪಯಣಕ್ಕೆ ಸಿದ್ಧನಾಗಿ ಮಲಗಿದ್ದ. ಹೊರಗೆ ತಮ್ಮನ ಎರಡು ಕಾಲು ಮಾತ್ರ ಕಾಣುತ್ತಿದ್ದವು. ಬಂದವರೆಲ್ಲ ಮುಖ ಮುಖ ನೋಡಿಕೊಂಡರು.

ಕಾರಿನಿಂದ ಆಗಷ್ಟೇ ಇಳಿದಿದ್ದ ಸತ್ತವನ ಮಗಳು ಚೀಲ ಹಿಡಿದೇ ನಿಂತಳು. "ಚಿಕ್ಕಪ್ಪ, ನಾನು ಅಪ್ಪನ್ನ ನೋಡೋಕೆ ಬಂದಿದೀನಿ. ನೀನು ಕಾರು ನೋಡ್ತಿದೀಯಲ್ಲ."

"ಹಿಂದೆ ಕಟಕ್ ಅಂತ ಸದ್ದು ಬಂತು."

"ಸ್ಟೇಷನ್ನಿಂದಲೂ ಬರ್ತಿತ್ತು" ಎನ್ನುತ್ತ ಕಾರಿನ ಒಡೆಯರಾದ ಹಲ್ಲಿನ ಡಾಕ್ಟರು ಇಳಿದರು. "ಅವನು ರಿಪೇರಿ ಮಾಡಿದ ಕೊನೇ ಕಾರಲ್ಲೇ ಮಗಳು ಬರಲಿ ಅಂದ್ಕೊಂಡೆ. ಕೆಲಸ ಮುಗಿದಿದೆ, ತಗೊಂಡು ಹೋಗಿ ಅಂತ ನಿನ್ನೆ ನೀನೇ ಹೇಳಿದ್ದಲ್ಲಪ್ಪ."

ಹೇಳಿದ್ದು ನಿಜ.

*

ನಿನ್ನೆ ಮಧ್ಯಾಹ್ನ ಕಾರು ಶೆಡ್ಡಿನಲ್ಲಿ, ಚಕ್ರ ನೆಲ ಮುಟ್ಟದಂತೆ ಸ್ಟ್ಯಾಂಡುಗಳ ಮೇಲಿತ್ತು. ಅರ್ಧ ಶತಮಾನದ ಹಳೆಯ ಸ್ಪೋರ್ಟ್ಸ್ ಕಾರು. ಹಿಂದಿನ ಚಕ್ರಗಳ ಸಸ್ಪೆನ್ಷನ್ ಹಿಡಿದಿಡುವ ಮೌಂಟುಗಳು ತುಕ್ಕು ಹಿಡಿದು ಕೈಯಲ್ಲೇ ಪುಡಿಯಾಗುತ್ತಿದ್ದವು. ಅಣ್ಣ ಮೂರು ವಾರ ಕೂತು ಹೊಸ ಲೋಹ ಬೆಸೆದು, ಅದುರು ತಡೆಯುವ ಹೊಸ ರಬ್ಬರ್ ಬುಷ್ ಕೂರಿಸಿ, ನಾಲ್ಕು ಬೋಲ್ಟುಗಳಿಗೂ ನಟ್ಟನ್ನು ಬೆರಳಲ್ಲೇ ತಿರುಗಿಸಿ ಸಡಿಲವಾಗಿ ಬಿಟ್ಟ.

"ಬಿಗಿ ಮಾಡಿಬಿಡ್ಲಾ?" ತಮ್ಮ ಕೇಳಿದ.

"ಚಕ್ರ ತೂಗಾಡೋವಾಗ ಬಿಗಿ ಮಾಡಿದ್ರೆ, ಇಳಿಸಿದ ಕೂಡಲೇ ರಬ್ಬರ್ ತಿರುಚ್ಕೊಂಡು ಹರಿಯುತ್ತೆ. ಇಪ್ಪತ್ತು ವರ್ಷದಿಂದ ಹೇಳ್ತಿದೀನಿ, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಊಟ ಮಾಡ್ಕೊಂಡು ಬರ್ತೀನಿ, ನೆಲಕ್ಕಿಳಿಸಿ ಬಿಗಿ ಮಾಡೋಣ."

ಊಟ ಮಾಡಿದ. ಕೈ ತೊಳೆಯಲು ಎದ್ದವನು ನಲ್ಲಿಯ ಹತ್ತಿರವೇ ಕುಸಿದ. ಒಂದು ದಿನ ಜ್ವರ ಅಂತ ಮಲಗಿದವನಲ್ಲ.

ಸಂಜೆ ಜನ ಕೂರಲು ಶೆಡ್ಡಿನಲ್ಲಿ ಜಾಗ ಬೇಕಾಯಿತು. ಮೈಮೇಲೆ ಎಚ್ಚರವಿಲ್ಲದ ತಮ್ಮ ಕಾರನ್ನು ಇಳಿಸಿದ. ನಟ್ಟುಗಳು ಕೂತಿರುವುದು ಕಂಡಿತು. ಬಿಗಿ ಮಾಡಿದ್ದಾಗಿದೆ ಅಂದುಕೊಂಡು ಡಾಕ್ಟರಿಗೆ ಫೋನ್ ಮಾಡಿದ.

*

ಈಗ ಕಾರಿನಡಿ ನೋಡಿದರೆ ಎಡಗಡೆಯ ಒಂದು ನಟ್ಟು ಇರಲೇ ಇಲ್ಲ. ಬೋಲ್ಟು ಮುಕ್ಕಾಲು ಪಾಲು ಹೊರಗೆ ಸರಿದಿತ್ತು. ರಸ್ತೆಯಲ್ಲಿ ಇನ್ನೊಂದು ಗುಂಡಿ ಸಿಕ್ಕಿದ್ದರೆ ಕತೆ ಮುಗಿಯುತ್ತಿತ್ತು. ತಮ್ಮ ತೆವಳಿ ಹೊರಬಂದಾಗ ಅಣ್ಣನ ಹೆಂಡತಿ ಬಾಗಿಲಲ್ಲಿದ್ದಳು.

"ಅತ್ತಿಗೆ, ಹಿಂದಿನ ನಟ್ಟುಗಳನ್ನ ಬಿಗಿ ಮಾಡಿರಲಿಲ್ಲ. ಮರೆತೇಬಿಟ್ಟೆ. ನಿಮ್ಮ ಮಗಳನ್ನೂ ಕಳ್ಕೋತಿದ್ದಿರಿ ಇವತ್ತು, ನನ್ನಿಂದ."

ಅವಳು ಮಗಳನ್ನು ನೋಡಿದಳು, ಕಾರನ್ನು ನೋಡಿದಳು.

"ಆಮೇಲೆ ನೋಡ್ಕೊಳ್ಳೋಣ, ಹೊತ್ತಾಯ್ತು" ಎಂದರು ಯಾರೋ.

"ಈಗಲೇ ಆಗಲಿ" ಎಂದಳು ಅತ್ತಿಗೆ. "ಅವರ ಕೆಲಸ ಅರ್ಧಕ್ಕೆ ಬಿಟ್ಟು ಅವರನ್ನ ಕಳಿಸಲ್ಲ." ಹಾಗೆಂದವಳೇ ಕಾರಿನ ಬಾಗಿಲು ತೆಗೆದು ಒಳಗೆ ಕೂತಳು.

"ಅಮ್ಮಾ, ಏನ್ ಮಾಡ್ತಿದೀಯ?"

"ಇಬ್ಬರು ಕೂತ ಭಾರ ಇದ್ದಾಗ ಬಿಗಿ ಮಾಡಿದ್ರೇ ಸರಿ ಬರೋದು. ಒಲೆ ಮೇಲೆ ಹಾಲಿದ್ರೂ ಬಂದು ಕೂತ್ಕೋ ಅಂತಿದ್ರು ನಿಮ್ಮಪ್ಪ. ಇಂಥ ಕಾರುಗಳಲ್ಲಿ ನಾನು ಎಲ್ಲಿಗೂ ಹೋಗಿಲ್ಲ, ಅವರು ಇಳಿ ಅನ್ನೋವರೆಗೂ ಬರೀ ಕೂತಿದೀನಿ. ಬಾ, ನೀನು ಆ ಕಡೆ ಕೂತ್ಕೋ."

ಕಾರು ಎರಡು ಬೆರಳಷ್ಟು ತಗ್ಗಿತು. ತಮ್ಮ ಮತ್ತೆ ಅಡಿಗೆ ನುಸುಳಿ, ಬೋಲ್ಟನ್ನು ಒಳತಳ್ಳಿ, ಹೊಸ ನಟ್ಟು ಹಾಕಿ, ನಾಲ್ಕನ್ನೂ ಬಿಗಿ ಮಾಡಿದ. ಕಣ್ಣೀರು ಕಿವಿಗೆ ಇಳಿಯುತ್ತಿತ್ತು.

"ಆಯ್ತು ಅತ್ತಿಗೆ" ಎಂದು ಎದ್ದು ನಿಂತ.

ಮನೆಯೊಳಗಿಂದ ನಾಲ್ವರು ಅಣ್ಣನನ್ನು ಹೊತ್ತು ತಂದರು. ಮಗಳು ಇಳಿದಳು. ಅತ್ತಿಗೆ ಇಳಿಯಲಿಲ್ಲ. ಕೈಗಳನ್ನು ಮಡಿಲಲ್ಲಿಟ್ಟು, ಮುಂದಿನ ಗಾಜನ್ನೇ ನೋಡುತ್ತ, ಕಾರಿನಡಿಯಿಂದ "ಸಾಕು ಕಣೇ, ಇಳಿ" ಎನ್ನುವ ದನಿಗಾಗಿ ಕಾಯುತ್ತ ಕೂತೇ ಇದ್ದಳು.